ಹಬ್ಬಕ್ಕೆ ಹೊಳಪಿಟ್ಟ ಟೈರು

ಅಂಗಡಿಯ ಮುದುಕ ಎರಡು ಟೈರುಗಳನ್ನು ತಂದು ಕೌಂಟರಿಗೆ ಒರಗಿಸಿ ನಿಲ್ಲಿಸಿದ. ಒಂದರ ಮೈ ಹೆಚ್ಚುಕಡಿಮೆ ನುಣುಪು, ಅಲ್ಲಲ್ಲಿ ಅಗಲವಾದ ಗೀರುಗಳು. ಇನ್ನೊಂದರ ಮೈತುಂಬ ರಬ್ಬರಿನ ದಪ್ಪ ಚೌಕಗಳು. ನಮ್ಮ ಹಾಸನದ ಕಡೆ ಅಂಥದ್ದನ್ನು ಬಟನ್ ಟೈರು ಅನ್ನುತ್ತಿದ್ದರು, ಜೀಪುಗಳಿಗೆ ಹಾಕಿಸುತ್ತಿದ್ದರು. ನನ್ನ ಹೆಂಡತಿ ಎರಡರ ನಡುವೆ ಕುಕ್ಕುರುಗಾಲಿನಲ್ಲಿ ಕುಳಿತು ಒಂದೊಂದನ್ನೂ ಹೆಬ್ಬೆರಳಿನಿಂದ ಒತ್ತಿ ನೋಡುತ್ತಿದ್ದಳು, ಸಂತೆಯಲ್ಲಿ ಬದನೆಕಾಯಿ ಆರಿಸುವವಳ ಹಾಗೆ. ಸ್ಯಾನ್ ಹೊಸೆಯ ಆ ಮೋಟಾರ್‌ಸೈಕಲ್ ಅಂಗಡಿಗೆ ಅದು ನಮ್ಮ ಮೂರನೆಯ ಭೇಟಿ. ಮುದುಕನಿಗೆ ಬೇಸರವಾದಂತೆ ಕಾಣಲಿಲ್ಲ. ನನಗೂ ಆಗಿರಲಿಲ್ಲ. ಆ ವರ್ಷ ನನಗೆ ಬೇಸರವಾಗಲಿ ಸಂತೋಷವಾಗಲಿ ಏನೂ ಆಗುತ್ತಿರಲಿಲ್ಲ.

ದಾರಿ ಎಂಥದ್ದು ಎಂದು ಮುದುಕ ಇನ್ನೊಮ್ಮೆ ಕೇಳಿದ. ಹೆಂಡತಿ ಬೆರಳು ಮಡಚುತ್ತ ಹೇಳಿದಳು: ಸಿಯೆರಾ ಬೆಟ್ಟ ಹತ್ತಿ ಇಳಿಯುವುದು, ನೆವಾಡಾದೊಳಗೆ ಒಂದೂವರೆ ದಿನ ಜಲ್ಲಿ ಮತ್ತು ಮಣ್ಣಿನ ರಸ್ತೆ, ಅಲ್ಲಿಂದ ಓರೆಗಾನ್, ಆಮೇಲೆ ಸಮುದ್ರದ ಪಕ್ಕದ ಹೈವೇ ಹಿಡಿದು ಮನೆಗೆ. ಒಟ್ಟು ಎರಡು ಸಾವಿರ ಮೈಲಿ. ಅದರಲ್ಲಿ ಮುನ್ನೂರು ಮೈಲಿಗೆ ಟಾರಿಲ್ಲ, ಮಿಕ್ಕಿದ್ದಕ್ಕೆಲ್ಲ ಇದೆ.

"ಹಾಗಾದರೆ ಇದು," ಎಂದು ಮುದುಕ ನುಣುಪು ಟೈರಿನ ನೆತ್ತಿ ತಟ್ಟಿದ. ಬಟನ್ ಟೈರು ಮಣ್ಣಿಗೆ ಚೆನ್ನ, ಆದರೆ ಟಾರಿನ ಮೇಲೆ ಬೇಗ ಸವೆಯುತ್ತದೆ. ಮಳೆ ಬಿದ್ದ ಘಾಟಿಯಲ್ಲಿ ಬ್ರೇಕು ಅಷ್ಟಾಗಿ ಹಿಡಿಯುವುದಿಲ್ಲ. ಇಡೀ ದಿನ ಕಿವಿಯಲ್ಲಿ ಗುಂಯ್ ಎನ್ನುತ್ತಿರುತ್ತದೆ. ಇಷ್ಟನ್ನೂ ಅವನು ಸಮಾಧಾನವಾಗಿ ವಿವರಿಸಿದ. ಅವಳು ಅಷ್ಟೇ ಸಮಾಧಾನವಾಗಿ ಕೇಳಿ, ಬಟನ್ ಟೈರಿನ ಮೇಲೆ ಕೈಯಿಟ್ಟಳು.

"ಇದೇ ಇರ್ಲಿ," ಎಂದಳು ನನಗೆ ಕನ್ನಡದಲ್ಲಿ. "ಆ ನುಣ್ಣನೇದು ಬೇಡ ಕಣ್ರೀ. ಅಂಥದ್ದೇ ತಾನೆ ನನ್ನ ಬೀಳಿಸಿದ್ದು."

ಅವಳನ್ನು ಬೀಳಿಸಿದ್ದು ಆ ಟೈರಲ್ಲ, ನಾನು. ಈ ವಿಷಯ ನನಗೆ ಹನ್ನೊಂದು ತಿಂಗಳಿಂದ ಗೊತ್ತಿತ್ತು. ಅವಳಿಗೆ ಗೊತ್ತಿರಲಿಲ್ಲ.

ನನ್ನ ಹೆಂಡತಿ ಮಂಡ್ಯದವಳು. ಹದಿನಾರನೆಯ ವಯಸ್ಸಿಗೇ ಅಣ್ಣನ ಮೊಪೆಡ್ಡು ಹತ್ತಿಕೊಂಡು ಟೈಪಿಂಗ್ ಕ್ಲಾಸಿಗೆ ಹೋಗುತ್ತಿದ್ದಳಂತೆ. ಮದುವೆಯಾಗಿ ಇಲ್ಲಿಗೆ ಬಂದ ಮೇಲೆ ಕಾರು, ಡೇಕೇರು, ಆಫೀಸು ಎಂದು ಇಪ್ಪತ್ತು ವರ್ಷ ಕಳೆಯಿತು. ಮಗಳು ಕಾಲೇಜಿಗೆ ಹೋದ ತಿಂಗಳಲ್ಲೇ ಅವಳು ಮೋಟಾರ್‌ಸೈಕಲ್ ಕ್ಲಾಸಿಗೆ ಸೇರಿಕೊಂಡಳು. ನಾನು ಅದನ್ನು ಯೋಗ ಕ್ಲಾಸಿನಂಥದ್ದು ಎಂದುಕೊಂಡೆ, ನಾಲ್ಕು ವಾರದಲ್ಲಿ ಬಿಟ್ಟುಹೋಗುತ್ತದೆ ಅಂತ. ಬಿಡಲಿಲ್ಲ. ಸಾಧಾರಣ ಎತ್ತರದ, ಮಣ್ಣುದಾರಿಗೂ ಟಾರಿಗೂ ಆಗುವ ಒಂದು ಗಾಡಿ ಕೊಂಡಳು. ಶನಿವಾರ ಬೆಳಿಗ್ಗೆ ಎದ್ದು, ಕ್ಲಾಸಿನಲ್ಲಿ ಸಿಕ್ಕ ಉಡುಪಿ ಕಡೆಯ ಒಬ್ಬ ಗೆಳತಿಯ ಜೊತೆ ಬೆಟ್ಟದ ರಸ್ತೆಗಳಿಗೆ ಹೋಗುತ್ತಿದ್ದಳು. ಮಧ್ಯಾಹ್ನ ಕೆನ್ನೆ ಕೆಂಪಾಗಿ, ಹೆಲ್ಮೆಟ್ಟಿನಿಂದ ಕೂದಲು ತಲೆಗೆ ಅಂಟಿಕೊಂಡು ವಾಪಸ್ಸು ಬರುವಳು. ಊಟದ ಹೊತ್ತಿಗೆಲ್ಲ ಅದೇ ಕಥೆ. ಆ ಕಥೆಗಳಲ್ಲಿ ನಾನಿರುತ್ತಿರಲಿಲ್ಲ. ನನಗದು ಇಷ್ಟವಿರಲಿಲ್ಲ. ಇಷ್ಟವಿಲ್ಲ ಎಂದು ಬಾಯಿಬಿಟ್ಟು ಹೇಳುವಷ್ಟು ಹಳೆಯ ಕಾಲದವನು ನಾನಲ್ಲ ಎಂದು ತೋರಿಸಿಕೊಳ್ಳಬೇಕಿತ್ತು. ಹಾಗಾಗಿ "ಹುಷಾರು" ಎಂದಷ್ಟೇ ಹೇಳುತ್ತಿದ್ದೆ.

ಹೋದ ವರ್ಷದ ಆಯುಧಪೂಜೆಗೆ ಅವಳ ಗಾಡಿಯ ಮೊದಲ ಪೂಜೆ. ಕ್ಯಾಂಪ್‌ಬೆಲ್‌ನ ನಮ್ಮ ಮನೆಗೆ ಐದಾರು ಕನ್ನಡದ ಸಂಸಾರಗಳನ್ನು ಕರೆದಿದ್ದೆವು. ವಾಹನ ತೊಳೆಯುವುದು ಗಂಡಸರ ಕೆಲಸವೆಂದು ನಾನೇ ವಹಿಸಿಕೊಂಡೆ. ಹಾಸನದಲ್ಲಿ ನಮ್ಮಪ್ಪ ಸ್ಕೂಟರು ತೊಳೆದು, ಕೊನೆಗೆ ಕೊಬ್ಬರಿಎಣ್ಣೆ ಅದ್ದಿದ ಬಟ್ಟೆಯಿಂದ ಟೈರು ಒರೆಸುತ್ತಿದ್ದರು. ಹಬ್ಬದ ದಿನ ಗಾಡಿಯ ಕಪ್ಪು ಕಪ್ಪಾಗಿಯೇ ಇರಬೇಕು ಅನ್ನುತ್ತಿದ್ದರು. ಅವರ ರಸ್ತೆಯ ಧೂಳು ಎರಡು ನಿಮಿಷದಲ್ಲಿ ಆ ಎಣ್ಣೆಯನ್ನು ನುಂಗಿಹಾಕುತ್ತಿತ್ತು, ಅಪ್ಪ ಒಮ್ಮೆಯೂ ಬೀಳಲಿಲ್ಲ. ನನ್ನ ಹತ್ತಿರ ಕಾರಿನ ಟೈರಿಗೆ ಹೊಳಪು ಕೊಡುವ ಪಾಲಿಶಿನ ಬಾಟಲಿ ಇತ್ತು. ಕಾರಿನ ಟೈರಿಗೆ ಅದನ್ನು ಪಕ್ಕಕ್ಕೆ ಮಾತ್ರ ಹಚ್ಚುತ್ತಾರೆ, ನೆಲ ಮುಟ್ಟುವ ಭಾಗ ಯಾರಿಗೂ ಕಾಣುವುದಿಲ್ಲ. ಮೋಟಾರ್‌ಸೈಕಲ್ಲಿನದು ಎಲ್ಲ ಕಾಣುತ್ತದೆ. ನಾನು ಎಲ್ಲ ಕಡೆ ಹಚ್ಚಿದೆ. ಒಂದು ಕೋಟು ಒಣಗಿದ ಮೇಲೆ ಇನ್ನೊಂದು ಕೋಟು.

ಅರಿಶಿನ ಕುಂಕುಮವಾಯಿತು, ಚೆಂಡುಹೂವಿನ ಹಾರವಾಯಿತು. ಬೂದುಗುಂಬಳಕಾಯಿಯನ್ನು ರಸ್ತೆಗೆ ಒಡೆದರೆ ನೆರೆಹೊರೆಯವರು ದೂರು ಕೊಡುತ್ತಾರೆಂದು ರಟ್ಟಿನ ಡಬ್ಬ ಬಿಡಿಸಿ ಹಾಸಿ ಅದರ ಮೇಲೆ ಒಡೆದೆವು. ಎರಡೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟೆವು. ರೇಷ್ಮೆ ಸೀರೆ ಬಿಚ್ಚಿ ಜೀನ್ಸು ಹಾಕಿಕೊಂಡು ಬಂದ ಹೆಂಡತಿ ಗಾಡಿ ಹತ್ತಿ, ನಿಂಬೆಹಣ್ಣು ಅಪ್ಪಚ್ಚಿ ಮಾಡಿ, ಎಲ್ಲರ ಚಪ್ಪಾಳೆಯ ನಡುವೆ ಹೊರಟಳು. ಇಪ್ಪತ್ತು ಅಡಿ ಹೋಗಿ ಎಡಕ್ಕೆ ತಿರುಗಿಸಿದಳು. ಮುಂದಿನ ಚಕ್ರ ಸುಮ್ಮನೆ ಅವಳ ಕೆಳಗಿನಿಂದ ಹೊರಟುಹೋಯಿತು. ಅವಳು ನಡೆಯುವಷ್ಟೇ ವೇಗದಲ್ಲಿದ್ದಳು. ಎಡಗೈ ಮಣಿಕಟ್ಟು ಮುರಿಯಿತು, ಎಡ ಭುಜದ ಮೂಳೆಯೂ ಮುರಿಯಿತು.

ನಾನು ಓಡಿಹೋಗಿ ಅವಳ ಮೇಲಿಂದ ಗಾಡಿ ಎತ್ತುವಾಗ ಟೈರಿಗೆ ಕೈಹಾಕಿದೆ. ಅಂಗೈ ಜಾರಿತು. ಏನಾಯಿತು ಎನ್ನುವುದು ನನಗೆ ಆ ಕ್ಷಣವೇ ತಿಳಿಯಿತು.

ಜೊತೆಯಲ್ಲಿದ್ದವರು ತಮಗೆ ತೋಚಿದ್ದು ಹೇಳಿದರು. ಒಬ್ಬರು ನಿಂಬೆಹಣ್ಣಿನ ರಸ ಅಂದರು. ಒಬ್ಬರು ಕಣ್ಣುದೃಷ್ಟಿ ಅಂದರು. ಒಬ್ಬ ಹೆಂಗಸು ಆಸ್ಪತ್ರೆಗೇ ಬಂದು, "ಈ ವಯಸ್ಸಲ್ಲಿ ಯಾಕೆ ಬೇಕಿತ್ತು ಹೇಳಿ," ಎಂದು ಪ್ರೀತಿಯಿಂದಲೇ ಕೇಳಿದರು. ನನ್ನ ಹೆಂಡತಿ ಆ ಕೊನೆಯ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಳು. ಮಾರನೆಯ ದಿನ ಬೆಳಿಗ್ಗೆ ಅವಳು ನೋವಿನ ಮಾತ್ರೆ ನುಂಗಿ ಮಲಗಿದ್ದಾಗ, ನಾನು ಗರಾಜಿಗೆ ಹೋಗಿ ಪಾತ್ರೆ ತೊಳೆಯುವ ಸೋಪು ಹಾಕಿ ಎರಡೂ ಟೈರುಗಳನ್ನು ಮೂರು ಸಲ ಉಜ್ಜಿ ತೊಳೆದೆ. ಬಾಟಲಿಯನ್ನು ಕಸದ ಡಬ್ಬಿಯಲ್ಲಿ ಅಡಿಗೆ ಹೋಗುವಂತೆ ಹಾಕಿದೆ. ಕೈ ಒರೆಸಿಕೊಂಡು ಬಂದು ಕಾಫಿ ಮಾಡಿದೆ.

ಕೆಟ್ಟುಹೋಗಿ ವಾಪಸ್ಸು ಬಂದ ಯಂತ್ರಗಳನ್ನು ಬಿಚ್ಚಿ, ಯಾಕೆ ಕೆಟ್ಟಿತೆಂದು ವರದಿ ಬರೆಯುವುದು ಪಾಲೋ ಆಲ್ಟೋದ ಆಫೀಸಿನಲ್ಲಿ ನನ್ನ ಕೆಲಸ. ಹದಿನೆಂಟು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಕಾರಣ ಮುಚ್ಚಿಡುವವರ ಮೇಲೆ ನಾನು ಮೀಟಿಂಗುಗಳಲ್ಲಿ ರೇಗಾಡಿದ್ದೇನೆ, ಅದಕ್ಕೆ ಹೆಸರಾಗಿದ್ದೇನೆ ಕೂಡ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಅಂಬಲಿಯಲ್ಲಿ ಬಿತ್ತಂತೆ.

ಅವಳ ಎಡಗೈ ಕಟ್ಟಿನಲ್ಲಿದ್ದಷ್ಟು ದಿನ ಮನೆಗೆಲಸವೆಲ್ಲ ನನ್ನದಾಯಿತು. ಒಂದೇ ಕೈಯಲ್ಲಿ ಜಡೆ ಹೆಣೆದುಕೊಳ್ಳಲು ಆಗದು. ನಾನು ಕಲಿತೆ. ಮೊದಲು ಎಣ್ಣೆ, ಆಮೇಲೆ ಸಿಕ್ಕು ಬಿಡಿಸುವುದು, ಆಮೇಲೆ ಮೂರು ಕಾಲು ಹೆಣೆಯುವುದು. ಕಟ್ಟು ಬಿಚ್ಚಿದ ಮೇಲೂ ಭುಜ ಮೇಲೆತ್ತಲು ನೋವೆಂದು ಅದು ಹಾಗೇ ಮುಂದುವರಿಯಿತು. ಗೆಳೆಯರ ಹೆಂಡತಿಯರು, "ಗಂಡ ಅಂದ್ರೆ ಹಿಂಗಿರ್ಬೇಕು ನೋಡಿ," ಎಂದು ತಮ್ಮ ಗಂಡಂದಿರಿಗೆ ಕೇಳುವಂತೆ ಹೇಳಿದರು. ನನಗೆ ನಾಚಿಕೆಯಾಗಬೇಕಿತ್ತು. ಆಗಲಿಲ್ಲ. ಕಾಲು ಮಡಚಿ ಬಹಳ ಹೊತ್ತು ಕೂತಾಗ ಜೋಮು ಹಿಡಿಯುತ್ತದಲ್ಲ, ಚಿವುಟಿದರೂ ಯಾರದೋ ಕಾಲನ್ನು ಚಿವುಟಿದಂತೆ, ಒಳಗೆ ಹಾಗೆ ಆಗಿತ್ತು. ಫ್ರೀವೇಯಲ್ಲಿ ಹೋಗುವುದು, ಬರುವುದು, ಗ್ರೋಸರಿ ತರುವುದು, ಜಡೆ ಹಾಕುವುದು. ಶನಿವಾರಗಳಲ್ಲಿ ಅವಳು ಮನೆಯಲ್ಲೇ ಇರುತ್ತಿದ್ದಳು. ಗಾಡಿ ಗರಾಜಿನಲ್ಲಿ ಹೊದಿಕೆ ಹೊದ್ದುಕೊಂಡು ನಿಂತಿತ್ತು. ಅದನ್ನು ನೋಡಿದಾಗ ಮಾತ್ರ ನನಗೆ ಒಂದು ಸಣ್ಣ ಸಮಾಧಾನವಾಗುತ್ತಿತ್ತು. ಆ ವರ್ಷ ನಾನು ಅನುಭವಿಸಿದ್ದು ಅದೊಂದನ್ನೇ.

ಬೇಸಿಗೆಯ ಹೊತ್ತಿಗೆ ಅವಳು ಮತ್ತೆ ಹೊದಿಕೆ ತೆಗೆದಳು. ಉಡುಪಿಯ ಗೆಳತಿ ಬಿಡಲಿಲ್ಲ. ಹಿಂದಿನ ವರ್ಷವೇ ಇಬ್ಬರೂ ಗುರುತು ಹಾಕಿಟ್ಟಿದ್ದ ಪ್ರವಾಸವನ್ನು ಆಕೆ ಒಬ್ಬಳೇ ಮಾಡದೆ ಇವಳಿಗಾಗಿ ಕಾದಿದ್ದಳು. ಆದರೆ ನನ್ನ ಹೆಂಡತಿ ಗಾಡಿ ಓಡಿಸುವುದು ಈಗ ಬೇರೆಯಾಗಿತ್ತು. ತಿರುವು ಬಂದರೆ ಮೈ ಬಿಗಿಯಾಗುವುದು, ಕಾಲು ತಾನಾಗಿ ನೆಲಕ್ಕೆ ಇಳಿಯುವುದು. ಯಾರೂ ಇಲ್ಲದ ಪಾರ್ಕಿಂಗ್ ಲಾಟಿನಲ್ಲಿ ಅರ್ಧ ಗಂಟೆ ಸುತ್ತಿ ಬಂದು, "ಆಗಲ್ಲ ಕಣ್ರೀ. ನನ್ನ ಕೈಗೆ ಮರೆತೇ ಹೋಗಿದೆ," ಎನ್ನುವಳು. ಕೊನೆಗೆ ಒಂದು ಉಪಾಯ ಕಂಡುಕೊಂಡಳು. ಹಳೆಯ ಟೈರು ಕಿತ್ತು ಬಟನ್ ಟೈರು ಹಾಕಿಸುವುದು. ಅವರಿಬ್ಬರ ಹಿಂದೆ ನಾನು ಕಾರಿನಲ್ಲಿ ಬರುವುದು. ನಾನು ಆ ದಿನವೇ ಹತ್ತು ದಿನದ ರಜೆ ಹಾಕಿದೆ.

ಹೀಗೆ ಆ ಸೆಪ್ಟೆಂಬರಿನಲ್ಲಿ, ಬೆಟ್ಟಕ್ಕೆ ಹಿಮ ಬೀಳುವ ಮುಂಚೆ ಹೋಗಿಬರಬೇಕೆಂದು, ನಾವು ಮುದುಕನ ಅಂಗಡಿಯಲ್ಲಿ ನಿಂತಿದ್ದೆವು. ಅವಳು ಬಟನ್ ಟೈರಿನ ಮೇಲಿಟ್ಟ ಕೈ ತೆಗೆಯದೆ, ಹಿಂದೆ ಒಮ್ಮೆ ಬಿದ್ದಿದ್ದೇನೆ ಎಂದಾಗ ಮುದುಕ, ಬಿದ್ದದ್ದು ಹೇಗೆಂದು ಕೇಳಿದ. ಅವಳು ಹೇಳಿದಳು. ಮನೆಯ ಮುಂದೆ, ಒಣ ರಸ್ತೆ, ನಡಿಗೆಯ ವೇಗ. ಮುದುಕ ಹುಬ್ಬು ಗಂಟಿಕ್ಕಿದ.

"ಆ ವೇಗದಲ್ಲಿ ಆ ಟೈರು ಜಾರುವುದಿಲ್ಲ," ಎಂದ. "ಯಾರಾದರೂ ಅದಕ್ಕೆ ಹೊಳಪಿನ ಪಾಲಿಶ್ ಹಚ್ಚಿದ್ದರಾ? ಹಾಗೆ ಹಚ್ಚಿ ಬಿದ್ದವರನ್ನು ನೋಡಿದ್ದೇನೆ."

ಅವಳು ನನ್ನ ಕಡೆ ತಿರುಗಿದಳು. "ಏನ್ರೀ, ಪೂಜೆ ದಿನ ಏನಾದ್ರೂ ಹಚ್ಚಿದ್ರಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ ಒಬ್ಬ. ನಾನು ಅಷ್ಟನ್ನೂ ಮಾಡಲಿಲ್ಲ. "ಇಲ್ವಲ್ಲ, ಬರೀ ನೀರಲ್ಲಿ ತೊಳೆದೆ," ಎಂದೆ.

"ಹಾಗಾದ್ರೆ ನಂದೇ ತಪ್ಪು," ಎಂದು ಅವಳು ಎದ್ದು ನಿಂತಳು. ಬಟನ್ ಟೈರೇ ಎಂದು ಮುದುಕನಿಗೆ ಹೇಳಿದಳು. ಅವನು ಭುಜ ಕುಣಿಸಿ, ಗುರುವಾರ ಗಾಡಿ ತನ್ನಿ ಎಂದ.

ವಾಪಸ್ಸು ಬರುವಾಗ ಕಾರಿನಲ್ಲಿ ಅವಳು ಕಿಟಕಿಯ ಹೊರಗೆ ನೋಡುತ್ತ ಹೇಳಿದಳು: "ನೀವು ಹಿಂದೆ ಇರ್ತೀರಲ್ಲ, ಅದೇ ಧೈರ್ಯ. ಎಲ್ಲಾದ್ರೂ ಕಷ್ಟ ಅನ್ಸಿದ್ರೆ ಗಾಡಿ ಅಲ್ಲೇ ಬಿಟ್ಟು ಕಾರು ಹತ್ತಿಬಿಡ್ತೀನಿ. ನಂಗೆ ನನ್ನ ಮೇಲೆ ನಂಬಿಕೆ ಇಲ್ಲ ರೀ."

ನನಗೆ ಬೇಕಾಗಿದ್ದುದು ಇದೇ ಮಾತು. ಎರಡು ವರ್ಷದಿಂದ ಬೇಕಾಗಿತ್ತು. ಕೇಳಿದಾಗ ಏನೂ ಅನ್ನಿಸಲಿಲ್ಲ. ಸಿಗ್ನಲ್ ಹಸಿರಾಯಿತು, ಹೊರಟೆ.

ಬುಧವಾರ ಆಫೀಸಿನಲ್ಲಿ ಒಂದು ವರದಿಗೆ ಸಹಿ ಹಾಕಬೇಕಿತ್ತು. ನನ್ನ ಕೈಕೆಳಗಿನ ಹುಡುಗನೊಬ್ಬ ಯಂತ್ರ ಕೆಟ್ಟದ್ದಕ್ಕೆ ತಪ್ಪು ಕಾರಣ ಬರೆದಿದ್ದ. ಅವನನ್ನು ಕೂರಿಸಿಕೊಂಡು, ಕಾರಣ ತಪ್ಪಾದರೆ ರಿಪೇರಿಯೂ ತಪ್ಪಾಗುತ್ತದೆ, ಸರಿಯಿದ್ದ ಭಾಗವನ್ನು ಕಿತ್ತು ಬಿಸಾಡಿ ಕೆಲಸಕ್ಕೆ ಬಾರದ್ದನ್ನು ಕೂರಿಸುತ್ತಾರೆ ಎಂದು ಹೇಳುತ್ತಿದ್ದೆ. ಇದನ್ನು ನೂರಾರು ಸಲ ಹೇಳಿದ್ದೇನೆ. ಆ ದಿನ ಅರ್ಧಕ್ಕೆ ನಿಲ್ಲಿಸಿದೆ. ನಾಳೆ ನನ್ನ ಹೆಂಡತಿಯ ಗಾಡಿಗೆ ಅದೇ ಆಗುವುದಿತ್ತು. ಆ ಟೈರಿನಲ್ಲಿ ಸಿಯೆರಾದ ಘಾಟಿ ಇಳಿಯುವಾಗ ಮಳೆ ಬಂದರೆ ಬ್ರೇಕು ಹಿಡಿಯುವುದು ಅವಳ ಆ ಹೆದರಿದ ಕೈ. ಕಾರಿನಲ್ಲಿ ಹಿಂದೆ ಇರುವ ನಾನು ನೋಡುತ್ತ ಬರಬಹುದು, ಅಷ್ಟೆ. ಹುಡುಗನನ್ನು ಕಳಿಸಿ ಬೇಗ ಮನೆಗೆ ಹೊರಟೆ.

ಅವಳು ಉಪ್ಸಾರು ಮಾಡಿದ್ದಳು. ಮುದ್ದೆ ತಿರುವುವುದು ಅವಳು ಬಿದ್ದಂದಿನಿಂದ ನನ್ನ ಪಾಲಿಗೆ ಬಂದಿತ್ತು, ಅವಳ ಮಣಿಕಟ್ಟು ಅದಕ್ಕೆ ಒಗ್ಗುತ್ತಿರಲಿಲ್ಲ. ಪಾತ್ರೆಯನ್ನು ಕಾಲಿನಿಂದ ಒತ್ತಿ ಹಿಡಿಯಲು ನೆಲದ ಮೇಲಿಟ್ಟುಕೊಂಡು, ಕೋಲಿನಿಂದ ತಿರುವುತ್ತ, ತಲೆ ಎತ್ತದೆ ಹೇಳಿದೆ.

"ನಾನು ಸುಳ್ಳು ಹೇಳಿದೆ. ಪೂಜೆ ದಿನ ಟೈರಿಗೆ ಪಾಲಿಶ್ ಹಚ್ಚಿದ್ದೆ. ಎರಡು ಕೋಟು. ಅದಕ್ಕೇ ನೀನು ಬಿದ್ದಿದ್ದು."

ಅವಳು ಒಲೆ ಆರಿಸಿದಳು. ಆಮೇಲೆ ಒಂದೊಂದಾಗಿ ಕೇಳಿದಳು.

"ಯಾವತ್ತಿಂದ ಗೊತ್ತು?"

"ಅವತ್ತೇ. ಗಾಡಿ ಎತ್ತುವಾಗ."

"ಟೈರು?"

"ಮಾರನೇ ದಿನ ತೊಳೆದೆ. ನೀನು ಮಲಗಿದ್ದಾಗ."

"ಯಾಕೆ ಹೇಳ್ಲಿಲ್ಲ?"

"ನೀನು ಬೈತೀಯ ಅಂತ ಹೆದರಿಕೆ ಆಯ್ತು."

"ಸುಳ್ಳು," ಎಂದಳು. ಇಪ್ಪತ್ತಮೂರು ವರ್ಷದ ಸಂಸಾರ, ಗೊತ್ತಾಗದೆ ಇರುತ್ತದೆಯೇ. "ನಾನು ಬಿದ್ದಿದ್ದು ನಿಮಗೆ ಒಳ್ಳೇದೇ ಆಯ್ತು ಅನ್ಸಿತ್ತಾ?"

"ಬಿದ್ದಿದ್ದಲ್ಲ. ನೀನು ಅದನ್ನ ಬಿಟ್ಟುಬಿಟ್ಟಿದ್ದು. ಸಮಾಧಾನ ಆಗಿತ್ತು."

ಮುದ್ದೆ ಗಂಟುಗಂಟಾಗಿತ್ತು. ಅವಳು ಎಡಗೈಯನ್ನು ಮುಂದೆ ಚಾಚಿ, ಅದು ಈಗಷ್ಟೇ ತನಗೆ ವಾಪಸ್ಸು ಸಿಕ್ಕಿದೆಯೇನೋ ಎನ್ನುವಂತೆ ಹಿಂದೆ ಮುಂದೆ ತಿರುಗಿಸಿ ನೋಡಿದಳು.

"ಕೈ ಮುರಿದಿದ್ದಕ್ಕೆ ನಂಗೇನೂ ಇಲ್ಲ ರೀ. ಗೊತ್ತಿಲ್ದೆ ಮಾಡಿದ್ರಿ, ಹಬ್ಬ ಅಂತ ಮಾಡಿದ್ರಿ. ಆದ್ರೆ ನಾನು ದಿನಾ ಕನ್ನಡಿ ಮುಂದೆ ಕೂತು, ನಂಗೆ ವಯಸ್ಸಾಯ್ತು, ನನ್ನ ಕೈಲಿ ಇನ್ನಾಗಲ್ಲ ಅಂತಿದ್ದೆನಲ್ಲ. ಆಗ ಹಿಂದೆ ನಿಂತ್ಕೊಂಡು ನನ್ನ ತಲೆ ಬಾಚ್ತಾ ಇದ್ದೋರು ನೀವೇ ಅಲ್ವಾ?"

ನಾನು ಹೌದು ಎಂದೆ. ಅವಳು ಎರಡು ತಟ್ಟೆಗೆ ಬಡಿಸಿದಳು. ಗಂಟಾದ ಮುದ್ದೆಯನ್ನೇ ಇಬ್ಬರೂ ಉಂಡೆವು.

ಗುರುವಾರ ಬೆಳಿಗ್ಗೆ ಅಂಗಡಿ ತೆಗೆಯುವ ಹೊತ್ತಿಗೆ ಸರಿಯಾಗಿ ಅವಳು ಮುದುಕನಿಗೆ ಫೋನು ಮಾಡಿ, ಬಟನ್ ಬೇಡ, ನೀವು ಹೇಳಿದ್ದೇ ಹಾಕಿ ಎಂದಳು. ಕನ್ನಡಿಯ ಮುಂದೆ ಕೂತು, ಮುಖ ಕಿವುಚಿಕೊಂಡು, ತಾನೇ ಜಡೆ ಹೆಣೆದುಕೊಂಡಳು. ನಾನು ಬಾಗಿಲಲ್ಲಿ ನಿಂತಿದ್ದೆ. ಸ್ಯಾನ್ ಹೊಸೆಗೆ ಗಾಡಿಯನ್ನು ಒಬ್ಬಳೇ ಓಡಿಸಿಕೊಂಡು ಹೋದಳು. ಹೋಗುವಾಗ ಹೇಳಿದ್ದು ಇಷ್ಟೇ: "ಪ್ರವಾಸಕ್ಕೆ ಕಾರು ಬೇಡ. ರಜೆ ಕ್ಯಾನ್ಸಲ್ ಮಾಡಿ." ಕೂಗಾಡಿದ್ದರೆ ಚೆನ್ನಾಗಿತ್ತು. ಹತ್ತು ದಿನ ಅವಳು ಊಟಕ್ಕೆ ಕರೆದಳು, ಬಿಲ್ಲು ಬಂದಿದೆ ಎಂದಳು, ಮಗಳು ಫೋನು ಮಾಡಿದ್ದಳು ಎಂದಳು. ಸಂಜೆಗಳಲ್ಲಿ ಹೊಸ ಟೈರು ಪಳಗಿಸಲು ಗಾಡಿ ತೆಗೆದುಕೊಂಡು ಹೊರಡುವಳು. ಹೊಸ ರಬ್ಬರು ಮೊದಲ ನೂರು ಮೈಲಿ ಸ್ವಲ್ಪ ಜಾರುತ್ತದೆ, ನಿಧಾನವಾಗಿ ಓಡಿಸಿ ಎಂದು ಮುದುಕ ಹೇಳಿದ್ದನಂತೆ. ಇದನ್ನು ಅವಳು ನನಗೆ ಹೇಳಲಿಲ್ಲ, ಗೆಳತಿಯ ಜೊತೆ ಫೋನಿನಲ್ಲಿ ಹೇಳುತ್ತಿದ್ದುದು ಕೇಳಿಸಿತು. ಎಂಟನೆಯ ದಿನ ಅವಳು ತಿರುವಿನಲ್ಲಿ ಕಾಲು ಇಳಿಸದೆ ನಮ್ಮ ರಸ್ತೆಗೆ ಬಂದದ್ದನ್ನು ಕಿಟಕಿಯಿಂದ ನೋಡಿದೆ.

ಶನಿವಾರ ಮುಂಜಾನೆ ಇಬ್ಬರೂ ಹೊರಟರು. ಆಫೀಸಿಗೆ ರಜೆ ಬೇಡವೆಂದು ಹೇಳಿಯಾಗಿತ್ತು, ಸೋಮವಾರ ಎಂದಿನಂತೆ ಹೋದೆ. ದಿನಕ್ಕೊಂದು ಮೆಸೇಜು ಬರುತ್ತಿತ್ತು, "ತಲುಪಿದೆವು" ಅಂತ. ಅದರ ಹಿಂದೆ ಮುಂದೆ ಏನೂ ಇರುತ್ತಿರಲಿಲ್ಲ. ಬೆಟ್ಟದಲ್ಲಿ ಮಳೆ ಬಂತೇ ಎಂದು ನಾನು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ನಾಲ್ಕನೆಯ ದಿನ ಮಧ್ಯಾಹ್ನ, ನಾನು ಆಫೀಸಿನ ಕ್ಯಾಂಟೀನಿನಲ್ಲಿದ್ದಾಗ, ಫೋನು ಬಂತು. ನೆವಾಡಾದ ಯಾವುದೋ ಸಣ್ಣ ಊರಿನ ಗ್ಯಾಸ್ ಸ್ಟೇಷನ್ನಿನಿಂದ. ಗಾಳಿಯ ಸದ್ದಿಗೆ ಅವಳ ಮಾತು ಸರಿಯಾಗಿ ಕೇಳಿಸುತ್ತಿರಲಿಲ್ಲ.

"ಬಿದ್ದೆ ಕಣ್ರೀ!"

ತಟ್ಟೆ ಬಿಟ್ಟು ಎದ್ದು ನಿಂತೆ. "ಪೆಟ್ಟಾಯ್ತಾ? ಎಲ್ಲಿದೀಯ? ನಾನು ಈಗ್ಲೇ ಹೊರಡ್ತೀನಿ."

"ಏನೂ ಬೇಡ. ಮೊಣಕೈ ತರಚಿದೆ ಅಷ್ಟೆ. ದಾರೀಲಿ ಮರಳು ಸಿಕ್ತು. ಹೆದರಿ ಮುಂದಿನ ಬ್ರೇಕು ಹಿಡಿದ್ಬಿಟ್ಟೆ. ಹಿಡೀಬಾರ್ದಿತ್ತು. ಬಟನ್ ಟೈರಿದ್ದಿದ್ರೆ ಬೀಳ್ತಿರ್ಲಿಲ್ವೇನೋ. ಇರ್ಲಿ. ಗಾಡಿ ನಾನೇ ಎತ್ತಿದೆ." ಅವಳು ನಗುತ್ತಿದ್ದಳು. "ಜಟ್ಟಿ ಬಿದ್ರೂ ಮೀಸೆ ಮಣ್ಣಾಗ್ಲಿಲ್ಲ ಅಂತ ಹೇಳಲ್ಲ ನಾನು. ಪೂರ್ತಿ ಮಣ್ಣಾಗಿದೆ. ಬಾಯೊಳಗೂ ಮಣ್ಣು."

ನಾನು ಏನೋ ಹೇಳಲು ಹೋದೆ. ಅವಳು ಬಿಡಲಿಲ್ಲ.

"ಈ ಸಲ ಯಾಕೆ ಬಿದ್ದೆ ಅಂತ ನಂಗೆ ಗೊತ್ತು ರೀ," ಎಂದಳು.

ಕ್ಯಾಂಟೀನಿನ ಮಧ್ಯದಲ್ಲಿ ನಿಂತು ನಾನು ಅತ್ತೆ. ಜೋಮು ಬಿಡುವಾಗ ಆಗುವ ಹಾಗೆ, ಮೈಯೆಲ್ಲ ಚುಚ್ಚುತ್ತಿತ್ತು. ಪಕ್ಕದ ಮೇಜಿನವರು ನೋಡಿ ಮುಖ ತಿರುಗಿಸಿಕೊಂಡರು.

"ಹಲೋ? ಇದೀರಾ?"

"ಇದೀನಿ," ಎಂದೆ.

"ಸರಿ, ಇಡ್ತೀನಿ. ಇನ್ನೂ ನಲವತ್ತು ಮೈಲಿ ಮಣ್ಣಿದೆ."